ಎರಡು ಸಲ ಉಪ್ಪು

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಅಂಚೆ ಕಾರ್ಡಿನಲ್ಲಿ, ಹದಿನೈದು ದಿನ ತಡವಾಗಿ. ಅವರ ಹೆಂಡತಿ ಯಾರಿಂದಲೋ ಬರೆಸಿದ್ದರು. ಸಾವಿನ ವಿಷಯ ಒಂದು ಸಾಲು, ಉಳಿದ ಮೂರು ಸಾಲು ಒಂದು ಪೆಟ್ಟಿಗೆಯ ಬಗ್ಗೆ. ನಿಮಗೆ ಕೊಡಬೇಕೆಂದು ಹೇಳಿ ಇಟ್ಟಿದ್ದಾರೆ, ಮಳೆ ಹಿಡಿಯುವ ಮೊದಲು ಬಂದು ಒಯ್ಯಬೇಕು ಎಂದಿತ್ತು. ಪೆಟ್ಟಿಗೆಯಲ್ಲಿ ಏನಿರಬಹುದೆಂದು ನನಗೆ ಗೊತ್ತಿತ್ತು. ಅದಕ್ಕಾಗಿಯೇ ಇನ್ನೂ ಎರಡು ವಾರ ಹೊರಡಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಅವರ ಊರು ಅವರ್ಸಾದಲ್ಲಿ ಗುರುತಿಸುವವರಿದ್ದಾರೆ, ಅವರ ಮೇಲೆ ಆ ಊರಿನವರು ಆಡಿದ ಮಾತು ಇನ್ನೂ ಪೂರ್ತಿ ನಿಂತಿಲ್ಲ. ಇನ್ನೊಂದು ಕಾರಣವೂ ಇದೆ. ಮುಂದೆ ಬರೆಯುವುದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಹೊಲಿದು ಸೇರಿಸಿದ್ದೆಷ್ಟು ಎನ್ನುವುದು ನನಗೇ ಖಾತ್ರಿಯಿಲ್ಲ. ಒಂದು ಕಡೆ ನನ್ನ ನೆನಪು ಸುಳ್ಳು ಹೇಳಿದ್ದಕ್ಕೆ ಪುರಾವೆ ಸಿಕ್ಕಿದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಕಾರವಾರದ ಒಂದು ಸಣ್ಣ ಕಚೇರಿಗೆ ನಾನು ವಿಜ್ಞಾನಿಯಾಗಿ ಬಂದೆ. ಸಮುದ್ರದ ನೀರು, ಮರಳು, ಭರತಿ ಇಳಿತ, ಇವುಗಳ ಲೆಕ್ಕ ಇಡುವ ಕಚೇರಿ. ನಾಲ್ಕು ಕೋಣೆ, ಆರು ಜನ, ಒಂದು ಕಂಪ್ಯೂಟರ್. ಅವರು ಅಲ್ಲಿ ಅಟೆಂಡರ್. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ಧಕ್ಕೆಯ ಕಂಬಕ್ಕೆ ಬಿಗಿದಿದ್ದ ಅಳತೆಕೋಲಿನ ಮೇಲೆ ನೀರು ಎಲ್ಲಿಗೆ ಬಂದಿದೆ ಎಂದು ಗಂಟೆಗೊಮ್ಮೆ ನೋಡಿ ಬರೆಯುವುದು ಅವರ ಕೆಲಸ. ಬರೆದದ್ದನ್ನು ಕಂಪ್ಯೂಟರಿಗೆ ಹಾಕುವುದನ್ನು ತಾವೇ ಕಲಿತಿದ್ದರು. ಮೆಟ್ರಿಕ್‌ ಆದಮೇಲೆ ಓದಿರಲಿಲ್ಲ. ಪ್ರೋಗ್ರಾಮ್‌ ಬರೆಯಲು ಬರುತ್ತಿರಲಿಲ್ಲ, ಆದರೆ ಬೇರೆಯವರು ಬರೆದದ್ದನ್ನು ಓದುತ್ತಿದ್ದರು. ಪರವೂರಿನ ಕಾಗದವನ್ನು ಓದುವ ಹಾಗೆ, ಬೆರಳು ಇಟ್ಟು, ತುಟಿ ಅಲುಗಿಸುತ್ತ.

ನಿಜವಾಗಿ ಅವರು ಕಾಯುತ್ತಿದ್ದದ್ದು ಒಂದು ಕಪಾಟನ್ನು. ಅದರಲ್ಲಿ ಫ್ಲಾಪಿಗಳಿದ್ದವು. ಗೋವಾದಿಂದ, ಕೊಚ್ಚಿಯಿಂದ, ಎಲ್ಲೆಲ್ಲಿಂದಲೋ ವಿಜ್ಞಾನಿಗಳು ತಾವು ಬರೆದ ಪ್ರೋಗ್ರಾಮ್‌ಗಳನ್ನು ರಟ್ಟಿನ ನಡುವೆ ಇಟ್ಟು ಅಂಚೆಯಲ್ಲಿ ಕಳಿಸುತ್ತಿದ್ದ ಕಾಲ. ಒಬ್ಬರು ಭರತಿಯ ಲೆಕ್ಕ ಮಾಡುವ ಪ್ರೋಗ್ರಾಮ್‌ ಕೊಟ್ಟರೆ ಇನ್ನೊಬ್ಬರು ಅದರ ಒಂದು ತಪ್ಪು ತಿದ್ದಿ ವಾಪಸು ಕೊಡುತ್ತಿದ್ದರು. ಕದ್ರಾದ ಅಣೆಕಟ್ಟೆಯ ಇಂಜಿನಿಯರು, ಬಿಣಗಾದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬ ಕೆಮಿಸ್ಟು, ಅಂಕೋಲೆಯ ಕಾಲೇಜು ಮೇಷ್ಟ್ರು, ಎಲ್ಲರಿಗೂ ಆ ಕಪಾಟು ಬೇಕಿತ್ತು. ಖಾಲಿ ಫ್ಲಾಪಿ ತಂದವರಿಗೆ ಇಲ್ಲ ಎನ್ನುತ್ತಿರಲಿಲ್ಲ.

ತೇವ ತಗಲದಿರಲೆಂದು ಕಪಾಟಿನೊಳಗೆ ಹಗಲೂ ಒಂದು ಸಣ್ಣ ಬಲ್ಬು ಉರಿಯುತ್ತಿತ್ತು. ಕಾರವಾರದ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಫ್ಲಾಪಿಗೆ ಹಿಡಿದರೆ ಅದರಲ್ಲಿದ್ದದ್ದು ಹೋದಂತೆಯೇ.

"ಮೊಟ್ಟೆ ಯಾವಾಗ ಒಡೀತದ್ರಾ?" ಎಂದು ನಮ್ಮ ಗುಮಾಸ್ತ, ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯಂತಿದ್ದ ಕಪಾಟಿನ ಬೆಳಕು ನೋಡಿ ಕೆಣಕುತ್ತಿದ್ದ.

"ಒಡೆದು ಹೊರಗೆ ಬಂದದ್ದನ್ನ ಮತ್ತೆ ಒಳಗೆ ಹಾಕೂಕೆ ಬರೂದಿಲ್ಲ ಮಾರಾಯ. ಅದಕ್ಕೇ ಕಾಯೂದು," ಎಂದರು ಒಮ್ಮೆ. ನಗುತ್ತಲೇ ಹೇಳಿದ್ದರು. ನಗು ಮುಗಿದ ಮೇಲೂ ಕಪಾಟಿನ ಕಡೆಗೇ ನೋಡುತ್ತಿದ್ದರು.

ಅವರ ನಿಯಮಗಳು ಕಚೇರಿಯವಲ್ಲ, ಅವರವೇ. ಅಂಕಿಗಳಿಗೆ ಎರಡು ಪೆಟ್ಟಿಗೆ. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ. ಕೆಂಪು ದಾರದ್ದು ಹಸಿ, ಅಂದರೆ ಕೋಲಿನ ಮೇಲೆ ಕಣ್ಣಿಗೆ ಕಂಡದ್ದು ಕಂಡ ಹಾಗೆ. ಬಿಳಿಯದು ಒಣ, ತಪ್ಪು ತೆಗೆದು, ತಿದ್ದಿ, ಬಳಸಲು ತಯಾರು ಮಾಡಿದ್ದು. ಮೀನಿನ ಭಾಷೆಯಲ್ಲಿ ವಿಜ್ಞಾನ ಮಾಡುವುದು ನನಗೆ ಮೊದಲು ತಮಾಷೆ ಅನಿಸಿತ್ತು.

"ಹಸಿಗೆ ಉಪ್ಪು ಹಾಕಿದ್ರೆ ಒಣ ಆಗ್ತದೆ. ಒಣಮೀನಿಗೆ ಮತ್ತೆ ಉಪ್ಪು ಹಾಕಿದ್ರೆ ನಾಯಿನೂ ಮೂಸೂದಿಲ್ಲ ಸಾಹೇಬ್ರೆ," ಎಂದು ನನಗೆ ಮೊದಲ ವಾರವೇ ಹೇಳಿದ್ದರು.

ಎರಡನೆಯ ನಿಯಮ ರಿಜಿಸ್ಟರು. ಯಾರು ಯಾವುದರ ಪ್ರತಿ ಒಯ್ದರು, ಯಾರು ಯಾವ ಪ್ರೋಗ್ರಾಮಿನಲ್ಲಿ ಯಾವ ಸಾಲು ಬದಲಿಸಿದರು, ಯಾಕೆ, ಎಲ್ಲ ಅದರಲ್ಲಿ ಬರೆಯಬೇಕು. ಬರೆದದ್ದನ್ನು ಹೊಡೆದು ಹಾಕುವಂತಿಲ್ಲ. ತಪ್ಪಾಗಿದ್ದರೆ ಕೆಳಗೆ ಇನ್ನೊಂದು ಸಾಲು ಬರೆದು ಸಹಿ ಹಾಕಬೇಕು. ದೂರದ ಊರಿನ ಒಬ್ಬ ಪ್ರೊಫೆಸರು ಸಹಿ ಮಾಡದೆ ಪ್ರತಿ ತೆಗೆದುಕೊಂಡು ಹೊರಟಾಗ ಇವರು ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ ಸ್ಟ್ಯಾಂಡಿಗೆ ಓಡಿದ್ದರು. ಕಿಟಕಿಯಿಂದ ಒಳಗೆ ಕೊಟ್ಟು ಸಹಿ ಹಾಕಿಸಿಕೊಂಡರು. "ತಾಳ್ರಾ, ಬಸ್ಸು ಬಿಡಬೇಡಿ, ಇವ್ರದ್ದೊಂದು ಹೆಬ್ಬೆಟ್ಟು ಬಾಕಿ ಅದೆ," ಎಂದು ಡ್ರೈವರನಿಗೆ ಕೂಗಿದ್ದರಂತೆ.

ಮೂರನೆಯದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದ ರಟ್ಟು. ಒಂದು ಹಳೆಯ ವರ್ಷದ ಅಂಕಿಗಳನ್ನು ಪರೀಕ್ಷೆಗೆಂದು ಇಟ್ಟಿದ್ದರು. ಯಾವ ಪ್ರೋಗ್ರಾಮೇ ಆಗಲಿ, ಹೊರಗೆ ಹೋಗುವ ಮೊದಲು ಆ ಅಂಕಿಗಳ ಮೇಲೆ ಓಡಬೇಕು, ಉತ್ತರ ರಟ್ಟಿನಲ್ಲಿ ಬರೆದ ಉತ್ತರಕ್ಕೆ ಸರಿಯಾಗಬೇಕು.

ಪ್ರತಿ ತಿಂಗಳೂ ಒಂದು ಸ್ಟೀಲ್‌ ಟಿಫಿನ್ನಿನಲ್ಲಿ ಫ್ಲಾಪಿಗಳ ನಕಲು ಇಟ್ಟುಕೊಂಡು ಅವರು ಅವರ್ಸಾದ ಮನೆಗೆ ಒಯ್ಯುತ್ತಿದ್ದರು. ಬಸ್ಸಿನಲ್ಲಿ ಹಾಡು ಹಾಕುವ ಸ್ಪೀಕರಿನ ಹತ್ತಿರ ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಅದರ ಅಯಸ್ಕಾಂತಕ್ಕೆ ಫ್ಲಾಪಿ ಅಳಿಸಿಹೋಗುತ್ತದೆಂದು ಅಂಕೋಲೆ ರಸ್ತೆಯ ಅಷ್ಟು ದೂರವೂ ಟಿಫಿನ್ನನ್ನು ಎದೆಗೆ ಹಿಡಿದು ನಿಂತೇ ಹೋಗುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋದೆ. ಮನೆಯ ಅಟ್ಟದಿಂದ ಬಿತ್ತನೆಗೆಂದು ಹುಲ್ಲಿನಲ್ಲಿ ಕಟ್ಟಿಟ್ಟ, ಉಪ್ಪು ತಾಳುವ ಕಗ್ಗ ಭತ್ತದ ಮುಡಿಯ ಪಕ್ಕದಲ್ಲೇ ನಮ್ಮ ಸಮುದ್ರದ ಅಂಕಿಗಳ ಡಬ್ಬಿಯೂ ತೂಗಾಡುತ್ತಿತ್ತು. ಅವರ ಹೆಂಡತಿ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದಿಟ್ಟರು.

"ಸಮುದ್ರ ಕೂಗಿದ್ರೆ ಕೇಳೂವಷ್ಟು ಹತ್ರ, ಆದ್ರೂ ನಮ್ಮ ಬಾವಿ ನೀರು ಸಿಹಿ," ಎಂದರು ಆಕೆ. ಆ ಹೆಮ್ಮೆ ನೆನಪಿದೆ. ನೀರಿನ ರುಚಿ ನೆನಪಿದೆ ಎಂದುಕೊಂಡಿದ್ದೇನೆ.

ಮನೆಯ ಹಿಂದೆ ಗಜನಿ ಗದ್ದೆ. ಹೊಳೆಯ ಬಾಯಿಯಲ್ಲಿ ಸಮುದ್ರದ ಉಪ್ಪುನೀರು ಒಳಗೆ ಬರದಂತೆ ಒಡ್ಡು ಕಟ್ಟಿ, ಒಡ್ಡಿನ ಒಳಗೆ ಕಗ್ಗ ಬೆಳೆಯುವ ಭೂಮಿ. ಅವರ ಕೇರಿಯ ಇಪ್ಪತ್ತು ಮೂವತ್ತು ಮನೆಗಳ ಅನ್ನ ಆ ಒಡ್ಡಿನ ಹಿಂದೆ ಇತ್ತು. ಬಾವಿಗಳೂ.

ಒಂದು ಬೇಸಿಗೆಯಲ್ಲಿ ಒಂದು ದೋಣಿ ತಾಗಿ ಧಕ್ಕೆಯ ಅಳತೆಕೋಲು ಬಿತ್ತು. ಕೆಲಸದವರು ಮತ್ತೆ ನೆಟ್ಟರು. ಮೊದಲಿಗಿಂತ ಒಂದು ಗೇಣು ಕೆಳಗೆ ನೆಟ್ಟರು. ಅಂದಿನಿಂದ ಕೋಲು ನೀರನ್ನು ಒಂದು ಗೇಣು ಹೆಚ್ಚು ತೋರಿಸತೊಡಗಿತು. ಇವರು ಅದನ್ನು ಎರಡೇ ದಿನದಲ್ಲಿ ಹಿಡಿದರು. ಬರೆದಿಟ್ಟರು. ತಮ್ಮ ಪದ್ಧತಿಯಂತೆ ಹಸಿ ಅಂಕಿಗಳನ್ನು ಹಾಗೇ ಬಿಟ್ಟು, ಒಣ ಪೆಟ್ಟಿಗೆಯ ಅಂಕಿಗಳಲ್ಲಿ ಒಂದು ಗೇಣು ಕಳೆದರು.

ನಾನು ಆಗ ಗೋವಾದಲ್ಲಿ ತರಬೇತಿಯಲ್ಲಿದ್ದೆ. ಬಂದವನೇ ರಿಜಿಸ್ಟರನ್ನಾಗಲಿ ಒಣ ಪೆಟ್ಟಿಗೆಯನ್ನಾಗಲಿ ತೆರೆಯದೆ ಹಸಿ ಅಂಕಿಗಳನ್ನಷ್ಟೇ ನೋಡಿ, ನೀರು ಒಂದೇ ದಿನದಲ್ಲಿ ಒಂದು ಗೇಣು ಏರಿದ್ದನ್ನು ಕಂಡು, ಕಾರಣ ಪತ್ತೆ ಮಾಡಿ ಹಿಗ್ಗಿದೆ. ಭರತಿಯ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ. ಈ ತಾರೀಖಿನ ನಂತರದ ಅಂಕಿಗಳಲ್ಲಿ ಒಂದು ಗೇಣು ಕಳೆ ಎಂದು. ರಟ್ಟಿನ ಪರೀಕ್ಷೆ ಮಾಡಿದೆ, ಉತ್ತರ ಸರಿ ಬಂತು. ಬಾರದೇ ಏನು? ಪರೀಕ್ಷೆಯ ಅಂಕಿಗಳು ಕೋಲು ಬೀಳುವ ಮೊದಲಿನವು. ನನ್ನ ಹೊಸ ಸಾಲು ಅವುಗಳನ್ನು ಮುಟ್ಟಲೇ ಇಲ್ಲ.

ಆಮೇಲೆ ರಿಜಿಸ್ಟರಿನಲ್ಲಿ ಬರೆದೆ. ಅಥವಾ ಬರೆದೆ ಎಂದು ಹಲವು ವರ್ಷ ನಂಬಿದ್ದೆ.

ಅದಾಗಿ ಒಂದೆರಡು ವರ್ಷಕ್ಕೆ ಗಜನಿ ಒಡ್ಡು ಎತ್ತರಿಸುವ ಇಂಜಿನಿಯರು ಜೀಪಿನಲ್ಲಿ ಬಂದರು. ಅತಿ ದೊಡ್ಡ ಭರತಿ ಎಷ್ಟು ಎತ್ತರಕ್ಕೆ ಬರಬಹುದು ಎನ್ನುವ ಲೆಕ್ಕ ಅವರಿಗೆ ಬೇಕಿತ್ತು. ಬಳಸಲು ತಯಾರಿದ್ದದ್ದು ಒಣ ಪೆಟ್ಟಿಗೆ, ಹಾಗಾಗಿ ಇವರು ಅದನ್ನೇ ಕೊಟ್ಟರು. ಓಡಿಸಿದ್ದು ನಾನು ತಿದ್ದಿದ್ದ ಪ್ರೋಗ್ರಾಮ್‌. ಬಂದ ಉತ್ತರವನ್ನು ಯಾರೂ ಬೇರೆ ಯಾವುದಕ್ಕೂ ಹೋಲಿಸಲಿಲ್ಲ. ನಮ್ಮ ದಿನನಿತ್ಯದ ಭರತಿ ಪಟ್ಟಿ ಬೇರೆ ಕಡೆಯಿಂದ ಅಚ್ಚಾಗಿ ಬರುತ್ತಿತ್ತು. ತಮ್ಮೂರಿನ ಒಡ್ಡು ಎಂಬ ಆಸೆಗೆ ಆ ಉತ್ತರದ ಒಂದು ಪ್ರತಿಯನ್ನು ಇವರು ಮಡಚಿ ರಿಜಿಸ್ಟರಿನಲ್ಲಿ ಇಟ್ಟುಕೊಂಡರು.

ಒಡ್ಡಿನ ಎತ್ತರಕ್ಕೆ ಗೂಟ ಹೊಡೆದ ದಿನ ನಾನೂ ಅವರ್ಸಾಕ್ಕೆ ಹೋಗಿದ್ದೆ. ಗೂಟ ನೋಡಿ ಕೇರಿಯ ಒಬ್ಬ ಮುದುಕ ತಲೆ ಕೊಡವಿದ. ಒಡ್ಡಿನ ಬುಡದಲ್ಲಿ ಒಂದು ದೊಡ್ಡ ಕಲ್ಲಿತ್ತು. ಅದರ ಮೇಲೆ ಒಂದು ಗೀರು.

"ನಮ್ಮ ಅಜ್ಜ ಹಾಕಿದ ಗೀರು ಇದು. ದೊಡ್ಡ ನೀರು ಇಲ್ಲಿವರೆಗೆ ಬಂದಿತ್ತು. ನಿಮ್ಮ ಗೂಟ ಇದ್ರಕ್ಕಿಂತ ಕೆಳಗೆ ಅದೆಯಲ್ರಾ," ಎಂದ.

ಇವರು ನನ್ನ ಮುಖ ನೋಡಿದರು. "ಸಾಹೇಬ್ರೆ, ಕಮ್ಮಿ ಅನಸ್ತದೆ."

"ಗೀರು ಯಾವ ವರ್ಷದ್ದು?" ಎಂದೆ ನಾನು. "ಯಾರು ಅಳೆದದ್ದು? ಗಾಳಿ ಇತ್ತೋ, ಹೊಳೆಯ ನೆರೆ ಇತ್ತೋ? ರಿಜಿಸ್ಟರಿನಲ್ಲಿ ಬರೆದಿದೆಯಾ?"

ಅದು ಅವರದೇ ಮಾತು. ಅವರದೇ ಮಾತಿನಿಂದ ನಾನು ಅವರ ಬಾಯಿ ಮುಚ್ಚಿಸಿದೆ. ಅವರು ನಕ್ಕರು. ಆಮೇಲೆ ಮುದುಕನ ಕಡೆ ತಿರುಗಿ ಹೇಳಿದರು: "ಕಾಕಾ, ಲೆಕ್ಕ ನಮ್ಮ ಕಪಾಟಿಂದು. ನಾನೇ ಬರೆದ ಅಂಕಿ. ಹೆದರಬೇಡಿ."

ಊರು ನಂಬಿದ್ದು ಇಂಜಿನಿಯರನ್ನಲ್ಲ, ನನ್ನನ್ನಂತೂ ಅಲ್ಲ. ಆ ಮಾತನ್ನು.

ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯ ವರ್ಷ, ಮಳೆ ಬಲಿತ ಒಂದು ಅಮಾವಾಸ್ಯೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಭರತಿಯ ತುದಿ. ಪಡುವಣ ಗಾಳಿ ಇತ್ತು, ಆದರೆ ಹೆಸರಿಡುವಂಥ ಗಾಳಿಯಲ್ಲ. ನಾನು ಕೊಡೆ ಹಿಡಿದು ಧಕ್ಕೆಯ ಮೇಲೆ ನಿಂತಿದ್ದೆ. ಇವರು ಕೆಳಗೆ ಬಾಗಿ ಕೋಲನ್ನು ಓದಿದರು, ಬರೆದರು, ಮತ್ತೆ ಓದಿದರು. ಆಮೇಲೆ ರಿಜಿಸ್ಟರಿನಿಂದ ಆ ಮಡಚಿದ ಕಾಗದ ತೆಗೆದರು. ಅದು ನೆನೆಯುತ್ತಿತ್ತು. ಅವರು ಯಾವುದನ್ನೂ ನೆನೆಯಲು ಬಿಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಕೋಲಿನ ತಪ್ಪು ಕಳೆದು ನೋಡಿದ್ರೂ ಒಂದು ಗೇಣು ಹೆಚ್ಚು ಅದೆ ಸಾಹೇಬ್ರೆ."

"ಗಾಳಿ," ಎಂದೆ ನಾನು.

"ಸಮಾ ಒಂದು ಗೇಣು," ಎಂದರು. ಗಾಳಿ ಗೇಣು ಹಾಕಿ ಅಳೆದು ಕೊಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರು ರಿಜಿಸ್ಟರನ್ನು ನನ್ನ ಕೈಗೆ ತುರುಕಿ, ಬಸ್ಸಿಗೆ ಓಡಿದರು. ಅಷ್ಟು ದೂರದ ಒಡ್ಡನ್ನು ಅವರು ಆ ಕೋಲಿನ ಮೇಲೆ ಕಂಡಿದ್ದರು.

ಅವರು ಮುಟ್ಟುವಷ್ಟರಲ್ಲಿ ನೀರು ಒಡ್ಡಿನ ಮೇಲಿಂದ ಹರಿದು, ಮಣ್ಣು ಕೊರೆದು, ಎರಡು ಕಡೆ ಬಾಯಿ ಬಿಟ್ಟಿತ್ತು. ಯಾರೂ ಸಾಯಲಿಲ್ಲ. ಎರಡು ಎಮ್ಮೆ ಹೋದವು. ನೆಟ್ಟ ಸಸಿ ಮುಳುಗಿತು. ಬಾವಿಗಳೊಳಗೆ ಉಪ್ಪು ಇಳಿಯಿತು.

ಮೂರನೆಯ ದಿನ ಅವರು ಕಚೇರಿಗೆ ಬಂದರು. ಕಾಲಿನ ಮೇಲೆ ಗಜನಿಯ ಕರಿಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕಪಾಟು ತೆರೆದು ಎರಡೂ ಪೆಟ್ಟಿಗೆಗಳನ್ನು ನನ್ನ ಮೇಜಿನ ಮೇಲಿಟ್ಟರು. "ಕೂತ್ಕೊಳ್ಳಿ," ಎಂದರು. ಅದು ಅವರು ನನಗೆ ಕೊಟ್ಟ ಒಂದೇ ಅಪ್ಪಣೆ. ಪ್ರೋಗ್ರಾಮನ್ನು ಮೊದಲು ಹಸಿ ಅಂಕಿಗಳ ಮೇಲೆ ಓಡಿಸಿದರು. ಆಮೇಲೆ ಒಣ ಅಂಕಿಗಳ ಮೇಲೆ. ಎರಡನೆಯ ಉತ್ತರ ಒಂದು ಗೇಣು ಕೆಳಗೆ ಬಂತು. ಒಡ್ಡಿಗೆ ಕೊಟ್ಟದ್ದು ಅದನ್ನೇ.

ಅವರು ಪ್ರೋಗ್ರಾಮನ್ನು ಪರದೆಯ ಮೇಲೆ ತಂದು, ಸಾಲು ಸಾಲಾಗಿ ಬೆರಳಿಟ್ಟು ಓದಿದರು. ನನ್ನ ಸಾಲಿನ ಮೇಲೆ ಬೆರಳು ನಿಂತಿತು.

"ಉಪ್ಪು ಎರಡು ಸಲ ಬಿದ್ದದೆ," ಎಂದರು.

"ನಾನು ರಿಜಿಸ್ಟರಿನಲ್ಲಿ ಬರೆದಿದ್ದೆ," ಎಂದೆ. ನನ್ನ ದನಿ ದೊಡ್ಡದಾಗಿತ್ತು. "ತೆಗೆದು ನೋಡಿ."

ಮೇಜಿನ ಮೇಲಿದ್ದ ರಿಜಿಸ್ಟರಿನ ಮೇಲೆ ಅವರು ಅಂಗೈ ಇಟ್ಟರು. "ಇವತ್ತು ಬೇಡ," ಎಂದರು. ಆ ಕೈಯನ್ನು ಸರಿಸಿ ಪುಟ ತಿರುಗಿಸುವುದು ನನಗೆ ಕಷ್ಟವಿರಲಿಲ್ಲ. ನಾನು ಸರಿಸಲಿಲ್ಲ.

ಮುಂದಿನ ವಾರವೆಲ್ಲ ಅವರು ಕಾಗದ ಬರೆದರು. ಆ ಪ್ರೋಗ್ರಾಮನ್ನೂ ಒಣ ಅಂಕಿಗಳನ್ನೂ ಒಟ್ಟಿಗೆ ಒಯ್ದವರು ಹನ್ನೊಂದು ಕಡೆ ಇದ್ದರು. ಎಲ್ಲರಿಗೂ ಒಂದೇ ಒಕ್ಕಣೆ: ಇದನ್ನು ಬಳಸಬೇಡಿ, ಬಳಸಿದ್ದರೆ ಮತ್ತೆ ಲೆಕ್ಕ ಮಾಡಿ. ಉತ್ತರ ಬಂದ ಹಾಗೆ ಹೆಸರಿನ ಮುಂದೆ ಗುರುತು ಹಾಕಿದರು. ಹತ್ತು ಗುರುತು ಬಿದ್ದವು. ಹನ್ನೊಂದನೆಯ ಕಾಗದ, ವಿಳಾಸದಾರರು ಇಲ್ಲವೆಂಬ ಬರಹದೊಂದಿಗೆ ವಾಪಸು ಬಂತು. ಅದು ತೆಂಕಣ ಕರಾವಳಿಯಲ್ಲಿ ಧಕ್ಕೆ ಕಟ್ಟಿಸುತ್ತಿದ್ದ ಯಾವುದೋ ಕೆಲಸದ ಕಚೇರಿ, ಕೆಲಸ ಮುಗಿಸಿ ಎದ್ದುಹೋಗಿತ್ತು. "ಒಂದು ಹೊರಗೇ ಉಳೀತು," ಎಂದರು. ಅವತ್ತಿನಿಂದ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಊಟಕ್ಕೆ ಹೋಗದೆ ಧಕ್ಕೆಯ ಮೇಲೆ ತೆಂಕಣ ದಿಕ್ಕಿಗೆ ನೋಡುತ್ತ ನಿಂತಿರುತ್ತಿದ್ದರು. ಕೇಳಿದರೆ, ಗಾಳಿ ನೋಡ್ತಿದ್ದೆ ಅನ್ನುತ್ತಿದ್ದರು.

ಅವರ್ಸಾದಲ್ಲಿ ಬಸ್ಸಿಳಿದರೆ ಜನ "ಹಾಂ, ಕಂಪ್ಯೂಟರು ಬಂತು ನೋಡ್ರಾ, ಎಷ್ಟು ಗೇಣು ಅಂತ ಕೇಳಿ," ಎನ್ನುತ್ತಿದ್ದರಂತೆ. ಗುಮಾಸ್ತ ಹೇಳಿದ್ದು. ಆ ಸಾಲು ಸೇರಿಸಿದವನು ನಾನು ಎಂದು ಅವರು ಊರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಒಡ್ಡು ಒಡೆದ ಬಗ್ಗೆ ನಮ್ಮ ಕಚೇರಿಯಿಂದ ವರದಿ ಕೇಳಿದರು. ಅಸಾಧಾರಣ ಗಾಳಿ, ಅಸಾಧಾರಣ ಭರತಿ ಎಂದು ನಾನು ಬರೆದು ಕಳಿಸಿದೆ. ಅದರ ನಕಲನ್ನು ಫೈಲಿಗೆ ಹಾಕುವಾಗ ಅವರು ಓದಿದರು. ಮಡಚಿದರು. ಹಾಕಿದರು. ಮರುವರ್ಷ ನನಗೆ ವರ್ಗವಾಯಿತು.

ಇಷ್ಟು ವರ್ಷ ನನ್ನನ್ನು ಕಾಪಾಡಿದ್ದು ಒಂದು ನೆನಪು. ನಾನು ರಿಜಿಸ್ಟರು ತೆರೆದು ಹಸಿರು ಶಾಯಿಯಲ್ಲಿ ಆ ಸಾಲಿನ ವಿಷಯ ಬರೆಯುತ್ತಿದ್ದೇನೆ. ಪೆನ್ನಿನ ಮುಚ್ಚಳ, ಕಾಗದದ ಮೇಲಿನ ಹಸಿರು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಕಾರ್ಡು ಬಂದಮೇಲೆ ಇದನ್ನು ಮತ್ತೆ ಮತ್ತೆ ನೆನೆಯುತ್ತಿರುವಾಗ ಹೊಳೆಯಿತು. ಹಸಿರು ಶಾಯಿ ಗೆಜೆಟೆಡ್‌ ಅಧಿಕಾರಿಗಳದ್ದು. ನನಗೆ ಆ ದರ್ಜೆ ಸಿಕ್ಕಿದ್ದು ಕೋಲು ಬಿದ್ದು ಎರಡು ವರ್ಷದ ಮೇಲೆ. ಹಸಿರಿನಲ್ಲಿ ನಾನು ಬರೆದದ್ದು ರಿಜಿಸ್ಟರಿನಲ್ಲಿ ಅಲ್ಲ. ಆ ಗಾಳಿಯ ವರದಿಗೆ ಸಹಿ ಹಾಕಿದ್ದು.

ಅವತ್ತೇ ಹೊರಟೆ.

ಅವರ ಹೆಂಡತಿ ಮೊದಲಿನ ಹಾಗೆಯೇ ಬೆಲ್ಲ, ನೀರು ತಂದಿಟ್ಟರು. "ಬೆಲ್ಲ ಬಾಯಲ್ಲಿ ಇಟ್ಕೊಂಡೇ ಕುಡೀರಿ ಸಾಹೇಬ್ರೆ. ಈಗ ಅಡ್ಡಿಲ್ಲ, ಮೊದಲಿನಷ್ಟು ಉಪ್ಪಿಲ್ಲ," ಎಂದರು. ಪೆಟ್ಟಿಗೆ ತಂದರು. ಅದೇ ಸ್ಟೀಲ್‌ ಟಿಫಿನ್ನು, ಅದರ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಿಜಿಸ್ಟರು. ಕಚೇರಿಗೆ ಹೊಸದು ಬಂದಾಗ ಹಳೆಯದನ್ನು ಕೇಳಿ ಪಡೆದಿದ್ದರಂತೆ.

ನಾನು ತರಬೇತಿಯಿಂದ ಬಂದ ತಿಂಗಳ ಪುಟ ತೆಗೆದೆ. ನನ್ನ ಅಕ್ಷರ ಇರಲಿಲ್ಲ. ಪುಟದ ಕೊನೆಗೆ, ಒಡ್ಡು ಒಡೆದ ವಾರದ ತಾರೀಖು ಹಾಕಿ, ಅವರ ದುಂಡು ಅಕ್ಷರದಲ್ಲಿ ಒಂದು ಸಾಲಿತ್ತು: "ಭರತಿ ಪ್ರೋಗ್ರಾಮಿನಲ್ಲಿ ಒಂದು ಗೇಣು ಕಳೆದಿದೆ ಎಂದು ಸಾಹೇಬರು ಬಾಯಿಮಾತಿನಲ್ಲಿ ಹೇಳಿದ್ದರು. ನಾನು ಬರೆದುಕೊಳ್ಳಲಿಲ್ಲ. ತಪ್ಪು ನನ್ನದು." ಕೆಳಗೆ ಸಹಿ.

ನಾನು ಅವರಿಗೆ ಹೇಳಿದ ನೆನಪು ನನಗಿಲ್ಲ. ನಿಜವಾಗಿಯೂ ಹೇಳಿದ್ದೆನೋ? ಅಥವಾ ಆ ರಿಜಿಸ್ಟರಿನ ಇಡೀ ಜೀವಮಾನದಲ್ಲಿ ಅವರು ಬರೆದ ಒಂದೇ ಸುಳ್ಳು ಇದೋ?

"ಅವ್ರು ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?" ಎಂದು ಕೇಳಿದೆ.

"ನಿಮ್ಮ ಬಗ್ಗೆ? ಇಲ್ಲಪ್ಪ. ಸಾಹೇಬ್ರು ಬಂದೇ ಬರ್ತಾರೆ, ಬಂದಾಗ ಪೆನ್ನು ಕೊಡು ಅಂದಿದ್ರು," ಎಂದು ಗೋಡೆಯ ಗೂಡಿನಿಂದ ಒಂದು ಪೆನ್ನು ತಂದಿಟ್ಟರು. ನೀಲಿಯದು.

ಹೊಡೆದು ಹಾಕುವಂತಿಲ್ಲ. ಕೆಳಗೆ ಬರೆಯಬೇಕು. "ಹೇಳಿದ ನೆನಪು ನನಗಿಲ್ಲ. ಸಾಲು ಸೇರಿಸಿದ್ದು ನಾನು. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ವರದಿಯಲ್ಲಿ ಗಾಳಿ ಎಂದು ಬರೆದದ್ದೂ ನಾನು," ಎಂದು ಬರೆದು ತಾರೀಖು, ಸಹಿ ಹಾಕಿದೆ. ಅದನ್ನು ಅವರ ಹೆಂಡತಿಗೆ ಓದಿ ಹೇಳಿದೆ.

"ಇದನ್ನ ಊರಲ್ಲಿ ಓದಿ ಹೇಳ್ತೀರಾ?" ಎಂದು ಕೇಳಿದರು.

"ಹೇಳ್ತೇನೆ."

"ಹಂಗಾರೆ ಅದನ್ನೂ ಹೇಳಿ ಹೋಗಿ. ಈ ಮಳೆಗೆ ಒಡ್ಡಿಗೆ ಮಣ್ಣು ಹಾಕೂದದೆ. ಎಷ್ಟು ಎತ್ತರ ಹಾಕಬೇಕು ಅಂತ ಯಾರಿಗೂ ಗೊತ್ತಿಲ್ಲ. ಕೇಳೂಕೆ ಅವ್ರೂ ಇಲ್ಲ."

ಮುದುಕನ ಗೀರು ನೆನಪಾಯಿತು. ಆ ಕಲ್ಲು ಎಲ್ಲಿದೆ, ತೋರಿಸ್ತೀರಾ ಎಂದೆ.

"ಆ ಕಲ್ಲಾ?" ಅವರು ಹಿತ್ತಲಿನ ಕಡೆ ಕೈ ತೋರಿಸಿದರು. "ಒಡ್ಡು ಒಡೆದಾಗ ಬಾಯಿ ಮುಚ್ಚೂಕೆ ದೊಡ್ಡ ಕಲ್ಲು ಬೇಕಿತ್ತಲ್ರಾ. ಅದನ್ನೇ ಮೊದಲು ಉರುಳಿಸಿದ್ದು. ಎಲ್ಲೋ ಅಡಿಯಲ್ಲಿ ಅದೆ."

ಹೊರಗೆ ನೀರು ಏರುವ ಹೊತ್ತು. ತಟ್ಟೆಯಲ್ಲಿ ಬೆಲ್ಲ ಮುಗಿದಿತ್ತು. ಅವರು ಇನ್ನೊಂದು ತುಂಡು ತರಲು ಎದ್ದರು, ನಾನು ಬೇಡವೆಂದೆ. ತಂಬಿಗೆಯಲ್ಲಿ ಉಳಿದ ನೀರನ್ನು ಹಾಗೆಯೇ ಕುಡಿದು, ರಿಜಿಸ್ಟರು ಹಿಡಿದುಕೊಂಡು ಕೇರಿಯ ಕಡೆ ನಡೆದೆ.